ಒಳಹೊಲಿಗೆ

ಸ್ಕೂಲ್ ವ್ಯಾನು ವಿದ್ಯಾರಣ್ಯಪುರದ ತಿರುವಿಗೆ ಬರುವುದು ಎಂಟಕ್ಕೆ.
ನಾವು ಆರೂವರೆಗೇ ಶುರು ಮಾಡುತ್ತೇವೆ
ಒಂದು ಅಂಗಿ, ಒಂದು ಚಡ್ಡಿ, ಎರಡು ಕಾಲುಚೀಲಕ್ಕೆ.

ಮೊದಲು ಅಂಗಿ ನನ್ನ ಹೆಗಲ ಮೇಲೆ,
ಉಪ್ಪಿಟ್ಟು ತಿರುವುವಷ್ಟು ಹೊತ್ತು.
ತಣ್ಣಗಿದ್ದರೆ ಅವನಿಗದು ಹಾವು,
ಮೈಶಾಖ ಹಿಡಿದರೆ ಬರೀ ಬಟ್ಟೆ.

ಕತ್ತಿನ ಹಿಂದಿನ ಚೀಟಿ ಕತ್ತರಿಸಿ ಹಾಕಿದೆ.
ಉಳಿದ ಎರಡು ದಾರದ ಕೂದಲು
ಚಿಮಟದಲ್ಲಿ ಕಿತ್ತೆ.
ಕಿತ್ತ ಮೇಲೂ "ಇದೆ" ಅನ್ನುತ್ತಾನೆ ಕುಶಾಲ.
"ಅಮ್ಮಾ, ಅಲ್ಲಿ ಅದು ಇತ್ತಲ್ಲ, ಅದು ಇದೆ."

ಹೊಸ ಯೂನಿಫಾರ್ಮನ್ನು ಒಂಬತ್ತು ಸಲ ಒಗೆದೆ,
ಗಂಜಿ ಬಿಡಲಿ ಎಂದು ರಾತ್ರಿಯೆಲ್ಲ ನೆನೆಸಿ, ಕಲ್ಲಿಗೆ ಬಡಿದು.
ನಮ್ಮತ್ತೆ ಕಟ್ಟೆ ಮೇಲೆ ಕೂತು ನೋಡಿದರು:
"ಬಣ್ಣ ಹೋಯ್ತು ಕಣೇ, ಮಗನ ಹಠ ಹೋಗ್ಲಿಲ್ಲ."
ಅವರ ಲೆಕ್ಕದಲ್ಲಿ ಇದಕ್ಕೆ ಮದ್ದು ಎರಡೇಟು.
ಆ ಮದ್ದು ನಾನೂ ಹಾಕಿದ್ದೇನೆ ಒಂದು ದಿನ, ಸುಳ್ಳೇಕೆ.
ಜೂನಿನ ಸೋಮವಾರ. ವ್ಯಾನು ಹಾರನ್ ಹೊಡೆಯುತ್ತಿತ್ತು.
ಬೆನ್ನಲ್ಲಿ ನನ್ನ ನಾಲ್ಕು ಬೆರಳು ಮೂಡಿದವು.
ಅವನು ಅತ್ತದ್ದು ಏಟಿಗಲ್ಲ,
ಆ ಬೆರಳುಗಳ ಮೇಲೆ ಅಂಗಿ ತಾಕಿದ್ದಕ್ಕೆ.

ನನ್ನ ಕೆಲಸ ಏನು ಗೊತ್ತೆ?
ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಯಲ್ಲಿ
ಮಗ್ಗದಿಂದ ಇಳಿದ ಸೀರೆಯನ್ನು ಮೇಜಿನ ಮೇಲೆ ಎಳೆದೆಳೆದು
ತಪ್ಪು ಹುಡುಕುವುದು.
ಕಣ್ಣಿಗಿಂತ ಮೊದಲು ಬೆರಳಿಗೆ ಕಾಣುತ್ತದೆ
ಬಿಟ್ಟುಹೋದ ಎಳೆ, ದಪ್ಪ ಹೊಕ್ಕು,
ಸಾಸಿವೆಯ ಕಾಲುಭಾಗದ ಗಂಟು.
ಹದಿನಾಲ್ಕು ವರ್ಷದಿಂದ ಅದಕ್ಕೇ ಸಂಬಳ.
"ಪುಷ್ಪಲತನ ಬೆರಳು ಮೋಸ ಹೋಗಲ್ಲ" ಅಂತ
ಮೇಸ್ತ್ರಿ ಹೊಸಬರಿಗೆ ಕರೆದು ತೋರಿಸುತ್ತಾರೆ.

ಆ ಸೋಮವಾರ ಮೇಜಿಗೆ ಬಂದದ್ದು ಎಲೆಹಸಿರು ಸೀರೆ.
ಸೆರಗಿನ ಹತ್ತಿರ ಬೆರಳು ತಡೆಯಿತು.
ನೋಡಿದರೆ ಏನಿಲ್ಲ. ದೀಪದ ಕೆಳಗೂ ಏನಿಲ್ಲ.
ಪಕ್ಕದ ಮೇಜಿನ ಜಬೀನಾ ಸವರಿ ನೋಡಿ
"ಏನೂ ಇಲ್ಲ ಕಣಕ್ಕ" ಅಂದಳು.
"ಇದೆ" ಅಂದೆ.
ಅಂದವಳು ನಾನು, ದನಿ ಅವನದು.

ಭೂತಗನ್ನಡಿಯಲ್ಲಿ ಸಿಕ್ಕಿತು,
ಎಳೆಗೆ ಎಳೆ ಸುತ್ತಿಕೊಂಡ ಒಂದು ಉಸಿರಿನಷ್ಟು.
ಮೇಸ್ತ್ರಿ ಭೇಷ್ ಅಂದರು.
ನಾನು ನಲ್ಲಿ ಹತ್ತಿರ ಹೋಗಿ ಸುಮಾರು ಹೊತ್ತು ಮುಖ ತೊಳೆದೆ.

ಈಗ ರಾತ್ರಿ ಊಟವಾದ ಮೇಲೆ
ನಾಳೆಯ ಬಟ್ಟೆ ಚಾಪೆಯ ಮೇಲೆ ಹರವುತ್ತೇವೆ.
ತಪಾಸಣೆ ಅವನದು. ಕೈಯಲ್ಲಿ ಸೀಮೆಸುಣ್ಣದ ಚೂರು.
ಕಚ್ಚುವ ಜಾಗಕ್ಕೆ ಒಂದೊಂದು ಗೀಟು:
ಕಂಕುಳಲ್ಲಿ ಎರಡು, ಕಾಲರಿನೊಳಗೆ ಒಂದು,
ಕಾಲುಚೀಲದ ತುದಿಯಲ್ಲಿ ಉದ್ದಕ್ಕೂ.
ಗೀಟು ಬಿದ್ದಲ್ಲೆಲ್ಲ ನಾನು
ಹಳೇ ವಾಯಿಲ್ ಸೀರೆಯ ಚಿಂದಿ ಇಟ್ಟು ಹೊಲಿಯುತ್ತೇನೆ.
ಕಾಲುಚೀಲ ಒಳಗು ಹೊರಗಾಗಿ. ಷೂ ಒಳಗೆ ಯಾರಿಗೆ ಕಾಣುತ್ತೆ?
ಟೈ ವಿಷಯಕ್ಕೆ ಮಿಸ್ ಇನ್ನೂ ಒಪ್ಪಿಲ್ಲ.
ಕೇಳುತ್ತಿದ್ದೇನೆ.

ತೊಡಿಸುವ ಮುಂಚೆ ತೋಳನ್ನು ಅಮುಕಬೇಕು,
ಚಪಾತಿ ಹಿಟ್ಟು ನಾದಿದ ಹಾಗೆ, ಗಟ್ಟಿಯಾಗಿ.
ಪ್ರೀತಿ ಅಂದರೆ ಮೆಲ್ಲಗೆ ಮುಟ್ಟುವುದು ಅಂದುಕೊಂಡಿದ್ದೆ.
ಮೆಲ್ಲಗೆ ಮುಟ್ಟಿದರೆ ಅವನಿಗೆ ಉರಿ.

ಇದೆಲ್ಲ ಆಗಿಯೂ ಇವತ್ತು
ಕಾಲುಚೀಲ ಏಳು ಸಲ ಹಾಕಿ ಏಳು ಸಲ ಬಿಚ್ಚಿದ.
ವ್ಯಾನು ಹೋಯಿತು.
ಅವರಪ್ಪನ ಸ್ಕೂಟರಿನಲ್ಲಿ ಬರಿಗಾಲು ಇಳಿಬಿಟ್ಟು ಹೋದ,
ಷೂ ಮಡಿಲಲ್ಲಿ.

ಹೋಗುವ ಮುಂಚೆ ನನ್ನ ಬೆನ್ನು ಸವರಿ ನಿಂತ.
"ಅಮ್ಮಾ, ಇಲ್ಲಿ ನಿಂಗೂ ಇದೆ. ಕಚ್ಚಲ್ವಾ?"
ರವಿಕೆಯ ಹೆಗಲ ಹೊಲಿಗೆ ಮೇಲೆ ಒಂದು ಗೀಟು ಎಳೆದ.

ಗೇಟಿನ ಹತ್ತಿರ ಜಬೀನಾ ಅಂದಳು, "ಅಕ್ಕ, ಸುಣ್ಣ ಅಂಟಿದೆ."
ಇರಲಿ ಅಂದೆ.
ಮಧ್ಯಾಹ್ನದವರೆಗೂ ಏನೂ ಗೊತ್ತಾಗಲಿಲ್ಲ.
ಆಮೇಲೆ ಗೊತ್ತಾಯಿತು.
ಸಂಜೆವರೆಗೂ ಅದೇ.